ಓದುಗರ ಪ್ರಶ್ನೆಗಳಿಗೆ ಉತ್ತರ: ಜಪಾನಿನ ಗುಡಿ, ಧ್ಯಾನ, ಸಾವು ಮತ್ತು ಮೈ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಪಾನಿನ ಧಾರ್ಮಿಕ ಆಚರಣೆಗಳ ಬಗೆಗಿನವೇ ಹೆಚ್ಚು. ಒಂದಕ್ಕೊಂದು ನಂಟಿರುವುದರಿಂದ ಒಟ್ಟಿಗೆ ಉತ್ತರಿಸಿದ್ದೇವೆ. ಗೊಂದಲವಾಗದಿರಲೆಂದು ಜಪಾನಿನ ಸ್ಥಳೀಯ ಧರ್ಮವಾದ ಶಿಂತೋದ ದೇವರ ಸ್ಥಾನವನ್ನು ಗುಡಿ ಎಂದೂ ಬೌದ್ಧರದ್ದನ್ನು ಮಂದಿರ ಎಂದೂ ಕರೆದಿದ್ದೇವೆ.

ಮನೆಮಂದಿಯೆಲ್ಲ ಟೋಕಿಯೊ, ಕ್ಯೋಟೊ ನೋಡಲು ಹೊರಟಿದ್ದೇವೆ. ಗುಡಿಯ ಮುಂದಿನ ನೀರಿನ ತೊಟ್ಟಿಯಲ್ಲಿ ಏನು ಮಾಡಬೇಕು? ಚಪ್ಪಾಳೆ ಎಷ್ಟು ಸಲ? ತಪ್ಪಾದರೆ ಬೈಯುತ್ತಾರೆಯೇ?
(ಮೈಸೂರಿನ ಓದುಗರು)

ಯಾರೂ ಬೈಯುವುದಿಲ್ಲ. ನೀವು ಯಾವ ಧರ್ಮದವರು, ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳುವವರೂ ಇಲ್ಲ. ಕೈಕಾಲು ಮಾಡಬೇಕಾದ್ದನ್ನು ಮಾಡಿದರೆ ಅಲ್ಲಿಗೆ ಮುಗಿಯಿತು.

ತೊಟ್ಟಿಯ ಮೇಲೆ ಉದ್ದ ಹಿಡಿಯ ಸೌಟು ಇಟ್ಟಿರುತ್ತಾರೆ. ಬಲಗೈಯಲ್ಲಿ ಹಿಡಿದು ಒಮ್ಮೆ ತುಂಬಿಕೊಳ್ಳಿ. ಮುಂದಿನದ್ದೆಲ್ಲ ಈ ಒಂದೇ ಸೌಟು ನೀರಿನಲ್ಲಿ ಮುಗಿಯಬೇಕು. ಮೊದಲು ಎಡಗೈ ತೊಳೆಯಿರಿ. ಸೌಟನ್ನು ಎಡಗೈಗೆ ದಾಟಿಸಿ ಬಲಗೈ ತೊಳೆಯಿರಿ. ಮತ್ತೆ ಬಲಗೈಗೆ ತಂದು ಎಡ ಅಂಗೈ ಕುಳಿಮಾಡಿ, ಅದಕ್ಕೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ. ಬಾಯಿಗೆ ತಾಗಿದ ಎಡಗೈಯನ್ನು ಇನ್ನೊಮ್ಮೆ ತೊಳೆಯಿರಿ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದೂ ಶುದ್ಧವಾಗುತ್ತದೆ. ಬೋರಲಾಗಿ ಮೊದಲಿದ್ದ ಜಾಗದಲ್ಲಿಡಿ.

ಸಾಮಾನ್ಯವಾಗಿ ಆಗುವ ತಪ್ಪು ಮೂರು. ಸೌಟನ್ನೇ ಬಾಯಿಗಿಡುವುದು ಮೊದಲನೆಯದು. ಎಂಜಲು ಅಂದರೆ ಏನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಎರಡನೆಯದು, ಕೈ ತೊಳೆದ ನೀರು ಅಥವಾ ಮುಕ್ಕಳಿಸಿದ ನೀರು ತೊಟ್ಟಿಯೊಳಗೇ ಬೀಳುವುದು. ಅದು ಬೀಳಬೇಕಾದ್ದು ಹೊರಗಿನ ಕಾಲುವೆಗೆ, ಅದಕ್ಕೇ ಸ್ವಲ್ಪ ಹಿಂದೆ ಸರಿದು ನಿಲ್ಲಬೇಕು. ಮೂರನೆಯದು, ಮೊದಲ ಕೈಗೇ ನೀರೆಲ್ಲ ಸುರಿದುಬಿಡುವುದು. ಕೋವಿಡ್ ಬಂದಮೇಲೆ ಅನೇಕ ಗುಡಿಗಳು ಸೌಟು ತೆಗೆದು ಬಿದಿರಿನ ಕೊಳವೆಯಿಂದ ನೀರು ಹರಿಯಬಿಟ್ಟಿವೆ. ಅಲ್ಲಿ ಹರಿಯುವ ನೀರಿಗೇ ಕೈಯೊಡ್ಡಿದರಾಯಿತು. ತೊಟ್ಟಿಯ ತುಂಬ ಹೂ ತೇಲಿಬಿಟ್ಟಿದ್ದರೆ ಅದರಲ್ಲಿ ಕೈ ಅದ್ದಬೇಡಿ.

ಗುಡಿಯ ಮುಂದೆ ನಾಣ್ಯ ಹಾಕಿ, ಗಂಟೆಯಿದ್ದರೆ ಬಾರಿಸಿ, ಸೊಂಟದಿಂದ ಬಾಗಿ ಎರಡು ಸಲ ನಮಸ್ಕರಿಸಿ. ಎದೆಯ ಮಟ್ಟದಲ್ಲಿ ಕೈ ಜೋಡಿಸಿ, ಬಲ ಅಂಗೈಯನ್ನು ತುಸು ಕೆಳಕ್ಕೆ ಜಾರಿಸಿ ಎರಡು ಚಪ್ಪಾಳೆ ತಟ್ಟಿ. ಬೆರಳು ಸರಿಗೂಡಿಸಿ ಪ್ರಾರ್ಥಿಸಿ, ಮತ್ತೊಮ್ಮೆ ಬಾಗಿ. ಇಝುಮೊ, ಉಸಾದಂಥ ಕೆಲವೇ ಗುಡಿಗಳಲ್ಲಿ ನಾಲ್ಕು ಚಪ್ಪಾಳೆ. ಇದು ಅನಾದಿಕಾಲದ ಪದ್ಧತಿ ಎಂದು ಪ್ರವಾಸಿ ಕೈಪಿಡಿಗಳು ಹೇಳಿದರೂ ಎಲ್ಲ ಕಡೆ ಒಂದೇ ಲೆಕ್ಕ ಬಂದದ್ದು 1868ರಲ್ಲಿ ಸರ್ಕಾರ ಶಿಂತೋ ಮತ್ತು ಬೌದ್ಧ ಸ್ಥಾನಗಳನ್ನು ಬೇರ್ಪಡಿಸಿದ ಮೇಲೆ. ಬೌದ್ಧ ಮಂದಿರದಲ್ಲಿ ಚಪ್ಪಾಳೆ ಬೇಡ, ಸುಮ್ಮನೆ ಕೈಮುಗಿಯಿರಿ.

ಜಪಾನಿನ "ಕೆಗಾರೆ" ಎಂಬುದು ನಮ್ಮ ಮೈಲಿಗೆಯೇ? ಅಲ್ಲೂ ಸೂತಕ, ಮುಟ್ಟು ಇವೆಯೇ?
(ಧಾರವಾಡದ ಓದುಗರು)

ಇಷ್ಟು ಹತ್ತಿರದ ಜೋಡಿ ಇನ್ನೊಂದು ಸಿಗುವುದು ಕಷ್ಟ. ಕೆಗಾರೆ ಪಾಪವಲ್ಲ, ತಪ್ಪು ಮಾಡದವರಿಗೂ ಅಂಟುತ್ತದೆ. ಸಾವು, ಹೆರಿಗೆ, ರಕ್ತ ಅದರ ಮೂಲ. 712ರ ಕೊಜಿಕಿ ಎಂಬ ಪುರಾಣಗ್ರಂಥದಲ್ಲಿ ಇಝನಾಗಿ ದೇವರು ಸತ್ತವರ ಲೋಕದಿಂದ ಮರಳಿ ನೀರಿನಲ್ಲಿ ಮೀಯುತ್ತಾನೆ. ಎಡಗಣ್ಣು ತೊಳೆದಾಗ ಸೂರ್ಯದೇವತೆ ಅಮತೆರಾಸು, ಬಲಗಣ್ಣು ತೊಳೆದಾಗ ಚಂದ್ರ, ಮೂಗು ತೊಳೆದಾಗ ಸುಸಾನೊಓ ಹುಟ್ಟುತ್ತಾರೆ. ದೇಶದ ಹಿರಿಯ ದೇವತೆಯೇ ಸೂತಕ ಕಳೆಯುವ ಸ್ನಾನದಲ್ಲಿ ಹುಟ್ಟಿದವಳು.

927ರಲ್ಲಿ ಸಿದ್ಧವಾದ ಎಂಗಿಶಿಕಿ ಎಂಬ ಅರಮನೆಯ ವಿಧಿಸಂಹಿತೆಯಲ್ಲಿ ಲೆಕ್ಕವೇ ಇದೆ. ಮನುಷ್ಯ ಸತ್ತರೆ 30 ದಿನ, ಹೆರಿಗೆಯಾದರೆ 7 ದಿನ, ಸಾಕುಪ್ರಾಣಿ ಸತ್ತರೆ 5 ದಿನ, ಈದರೆ 3 ದಿನ. ಮಾಂಸ ತಿಂದರೂ 3 ದಿನ. ಹರಡುವ ಬಗೆಗೂ ನಿಯಮವಿದೆ. ಸಾವಾದ ಮನೆಗೆ ಹೋದವನಿಗೂ ಅವನ ಮನೆಯವರಿಗೆಲ್ಲರಿಗೂ ಮೈಲಿಗೆ. ಅವನ ಮನೆಗೆ ಬಂದ ಮೂರನೆಯವನಿಗೆ ಮೈಲಿಗೆ ತಾಗಿದರೂ ಆ ಮೂರನೆಯವನ ಮನೆಯವರಿಗೆ ಇಲ್ಲ. ನಾಲ್ಕನೆಯವನಿಗೆ ಏನೂ ಇಲ್ಲ. ಎಲ್ಲಿ ನಿಲ್ಲುತ್ತದೆಂದು ಬರೆದಿಡದಿದ್ದರೆ ಅರಮನೆಯ ಕೆಲಸವೇ ನಿಂತುಹೋಗುತ್ತಿತ್ತು.

ಇಂದು ಉಳಿದಿರುವುದು ಇಷ್ಟು: ಮನೆಯಲ್ಲಿ ಸಾವಾದರೆ ಶಿಂತೋ ದೇವರ ಗೂಡಿನ ಮುಂದೆ ಬಿಳಿ ಕಾಗದ ಅಂಟಿಸಿ ಸುಮಾರು 50 ದಿನ ಮುಚ್ಚುತ್ತಾರೆ, ಅಷ್ಟು ದಿನ ಗುಡಿಗೂ ಹೋಗುವುದಿಲ್ಲ. ಬೌದ್ಧ ಮಂದಿರಕ್ಕೆ ಈ ನಿರ್ಬಂಧವಿಲ್ಲ, ಸಾವು ಅಲ್ಲಿನ ನಿತ್ಯದ ಕೆಲಸ. ಮುಟ್ಟಿನ ಹೆಂಗಸರಿಗೆ ಹಿಂದೆ ಕೆಲವು ಹಳ್ಳಿಗಳಲ್ಲಿ ಬೇರೆ ಗುಡಿಸಲೇ ಇತ್ತು. ಈಗ ಗುಡಿಯ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಹೆಂಗಸರು ಪವಿತ್ರ ಬೆಟ್ಟ ಹತ್ತಬಾರದೆಂಬ ನಿಷೇಧವನ್ನು ಸರ್ಕಾರ 1872ರಲ್ಲೇ ರದ್ದುಮಾಡಿದೆ. ಆದರೂ ನಾರಾ ಸೀಮೆಯ ಓಮಿನೆ ಬೆಟ್ಟದ 1,719 ಮೀಟರ್ ಎತ್ತರದ ಸಂಜೋಗದಾಕೆ ಶಿಖರದ ದಾರಿಯಲ್ಲಿ ಹೆಂಗಸರಿಗೆ ಪ್ರವೇಶವಿಲ್ಲವೆಂಬ ಫಲಕ ನಿಂತೇ ಇದೆ. ಸುಮೊ ಕಣವೂ ಹಾಗೆಯೇ. 2018ರ ಏಪ್ರಿಲ್‌ನಲ್ಲಿ ಮೈಝುರು ಊರಿನ ಮೇಯರ್ ಕಣದ ಮೇಲೆಯೇ ಕುಸಿದುಬಿದ್ದರು. ಅವರ ಎದೆ ಒತ್ತಿ ಪ್ರಥಮ ಚಿಕಿತ್ಸೆ ಕೊಡುತ್ತಿದ್ದ ಹೆಂಗಸರಿಗೆ ಕೆಳಗಿಳಿಯುವಂತೆ ಧ್ವನಿವರ್ಧಕದಲ್ಲಿ ಹೇಳಲಾಯಿತು. ಸುಮೊ ಸಂಘದ ಅಧ್ಯಕ್ಷರು ಆಮೇಲೆ ಕ್ಷಮೆ ಕೇಳಿದರು, ನಿಯಮ ಬದಲಾಗಲಿಲ್ಲ.

"ಜಪಾನಿನಲ್ಲಿ ಅಸ್ಪೃಶ್ಯತೆ ಇರಲಿಲ್ಲ" ಎಂಬ ಮಾತನ್ನು ನಮ್ಮವರು ಆಗಾಗ ಆಡುತ್ತಾರೆ. ಇತ್ತು. ಹೆಣ, ಚರ್ಮ, ಕಸಾಯಿ, ಮರಣದಂಡನೆಯ ಕೆಲಸ ಮಾಡುತ್ತಿದ್ದವರನ್ನು ಮೈಲಿಗೆಯ ಹೆಸರಿನಲ್ಲೇ ಊರ ಹೊರಗಿಟ್ಟಿದ್ದರು. 1871ರ ರಾಜಾಜ್ಞೆ ಅವರನ್ನು ಕಾಗದದ ಮೇಲೆ ಸಮಾನರನ್ನಾಗಿಸಿತು. ಮದುವೆ, ಕೆಲಸದ ವಿಷಯದಲ್ಲಿ ತಾರತಮ್ಯ ಮುಂದುವರಿದು, 1922ರಲ್ಲಿ ಅವರೇ ಸುಯ್‌ಹೆಯ್‌ಶಾ ಎಂಬ ಸಂಘಟನೆ ಕಟ್ಟಿಕೊಂಡು ಹೋರಾಡಬೇಕಾಯಿತು.

ಹಲವು ವರ್ಷಗಳಿಂದ ಯೋಗ ಮಾಡುತ್ತೇನೆ, ಪದ್ಮಾಸನ ಸುಲಭ. ಝೆನ್ ಧ್ಯಾನಕ್ಕೆ ಕುಳಿತರೆ ಮಾತ್ರ ಅರ್ಧ ಗಂಟೆಗೇ ಸೊಂಟ ಹಿಡಿಯುತ್ತದೆ, ಕಾಲು ಜೋಮು. ಎಲ್ಲಿ ತಪ್ಪುತ್ತಿದೆ? ಧ್ಯಾನಕ್ಕೆ ಕುಳಿತವರಿಗೆ ಬೆತ್ತದಿಂದ ಹೊಡೆಯುವುದೇಕೆ?
(ಬೆಂಗಳೂರು, ಜಯನಗರದ ಓದುಗರು)

ಬಹುಶಃ ನೀವು ದಿಂಬಿನ ಮೇಲೆ ಪೂರ್ತಿ ಕುಳಿತುಕೊಳ್ಳುತ್ತಿದ್ದೀರಿ. ಝಾಫು ಎಂಬ ಆ ದುಂಡು ದಿಂಬಿನ ಅಡ್ಡಳತೆ ಸುಮಾರು 36 ಸೆಂಟಿಮೀಟರ್. ಕುಳಿತುಕೊಳ್ಳಬೇಕಾದ್ದು ಅದರ ಮುಂದಿನ ಅರ್ಧದ ಮೇಲೆ, ತೊಡೆಯ ಕೆಳಗೆ ಅದು ಬರಬಾರದು. ಆಗ ಸೊಂಟದ ಬುಡ ಮುಂದಕ್ಕೆ ವಾಲಿ ಎರಡೂ ಮಂಡಿ ನೆಲ ಮುಟ್ಟುತ್ತವೆ. ಮಂಡಿ ಎರಡು, ಪೃಷ್ಠ ಒಂದು: ಭಾರ ಈ ಮೂರು ಕಡೆ ಹಂಚಿಹೋಗಬೇಕು. ಒಂದು ಮಂಡಿ ಗಾಳಿಯಲ್ಲಿದ್ದರೂ ಬೆನ್ನಿನ ಸ್ನಾಯುಗಳೇ ಮೈಯನ್ನು ಹಿಡಿದಿಡಬೇಕಾಗುತ್ತದೆ, ಸೊಂಟ ಹಿಡಿಯುವುದು ಅದಕ್ಕೇ. ದಿಂಬು ಎತ್ತರಿಸಿ, ಅಥವಾ ಎದ್ದ ಮಂಡಿಯ ಕೆಳಗೆ ಮಡಚಿದ ಟವೆಲ್ ಇಡಿ. ಕೈಯಿಂದ ಮಂಡಿಯನ್ನು ಕೆಳಗೆ ಒತ್ತುವುದು ಬೇಡವೇ ಬೇಡ. ತಿರುಗಬೇಕಾದ್ದು ಸೊಂಟದ ಕೀಲು. ಅದು ಬಿಗಿಯಾಗಿರುವಾಗ ಒತ್ತಿದರೆ ಆ ತಿರುಚು ಮಂಡಿಯ ಮೇಲೆ ಬೀಳುತ್ತದೆ.

ಕ್ರಮವನ್ನು ಝೆನ್‌ನ ಸೋತೊ ಪಂಥದ ಗುರು ದೋಗೆನ್ (1200–1253) ಬರೆದಿಟ್ಟಿದ್ದಾನೆ. ಬಲಪಾದ ಎಡತೊಡೆಯ ಮೇಲೆ, ನಂತರ ಎಡಪಾದ ಬಲತೊಡೆಯ ಮೇಲೆ. ಅರ್ಧಾಸನವಾದರೆ ಎಡಪಾದವನ್ನು ಬಲತೊಡೆಯ ಮೇಲಿಟ್ಟರೆ ಸಾಕು. ಬಲ ಅಂಗೈಯ ಮೇಲೆ ಎಡ ಅಂಗೈ, ಹೆಬ್ಬೆರಳ ತುದಿಗಳು ಒಂದಕ್ಕೊಂದು ಸೋಕುವಷ್ಟು. ಭಾರತದ ಬುದ್ಧ ವಿಗ್ರಹಗಳಲ್ಲಿ ಸಾಮಾನ್ಯವಾಗಿ ಬಲಗೈ ಮೇಲಿರುತ್ತದೆ, ಯೋಗದ ಅಭ್ಯಾಸ ಇದ್ದವರು ಎಡವುವುದು ಇಲ್ಲೇ. ಹೆಬ್ಬೆರಳುಗಳನ್ನು ಗಮನಿಸುತ್ತಿರಿ: ಅವು ಕೆಳಗೆ ಕುಸಿದರೆ ತೂಕಡಿಕೆ ಬಂದಿದೆ, ಮೇಲಕ್ಕೆ ಒತ್ತಿ ಗೂಡಾದರೆ ಮೈ ಬಿಗಿಯಾಗಿದೆ. ಕೂತ ಮೇಲೆ ಮೈಯನ್ನು ಎಡಬಲಕ್ಕೆ ಮೊದಲು ಜೋರಾಗಿ, ಆಮೇಲೆ ಸಣ್ಣದಾಗಿ ಏಳೆಂಟು ಸಲ ಓಲಾಡಿಸಿ ನಡುವೆ ನಿಲ್ಲಿಸಿ. ನಾಲಿಗೆ ಮೇಲಂಗಳಕ್ಕೆ, ಬಾಯಿ ಮುಚ್ಚಿ. ಕಣ್ಣು ಮಾತ್ರ ಮುಚ್ಚಬಾರದು. ಅರೆತೆರೆದು, ಒಂದು ಮೀಟರ್ ಮುಂದೆ ನೆಲಕ್ಕೆ ನೋಟ ಬೀಳಲಿ. ಸೋತೊದಲ್ಲಿ ಗೋಡೆಗೆ ಮುಖ, ಝೆನ್‌ನ ಇನ್ನೊಂದು ಪಂಥವಾದ ರಿಂಜಾಯ್‌ನಲ್ಲಿ ಕೋಣೆಯ ಒಳಕ್ಕೆ. ಒಂದು ಊದುಬತ್ತಿ ಉರಿಯುವಷ್ಟು, ಅಂದರೆ ಸುಮಾರು 40 ನಿಮಿಷ ಒಂದು ಬೈಠಕ್ಕು.

ಜೋಮು ಹಿಡಿಯುವುದು ನರ ಒತ್ತಿದ್ದರಿಂದ. ಗಂಟೆ ಬಾರಿಸಿದ ತಕ್ಷಣ ಎದ್ದರೆ ಪಾದ ಮಡಚಿಕೊಂಡು ಬೀಳುತ್ತೀರಿ, ಕಣಕಾಲು ಉಳುಕುವುದು ಹೀಗೆಯೇ. ಕಾಲು ಬಿಡಿಸಿ, ಬೆರಳು ಆಡಿಸಿ, ಸ್ಪರ್ಶ ಮರಳಿದ ಮೇಲೆ ಏಳಿ. ಹಾಗೂ ಆಗದಿದ್ದರೆ ಕುರ್ಚಿ ಕೇಳಿ. ಸಾರ್ವಜನಿಕರಿಗೆ ಧ್ಯಾನ ಕಲಿಸುವ ಬಹಳಷ್ಟು ಮಂದಿರಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಬೆತ್ತದ ಬಗ್ಗೆಯೂ ಕೇಳಿದ್ದೀರಿ. ಅದು ಚಪ್ಪಟೆ ಮರದ ಪಟ್ಟಿ, ಶಿಕ್ಷೆಯಲ್ಲ. ಬೇಕೆನಿಸಿದರೆ ಕೈಮುಗಿದರೆ ಹೊಡೆಯುತ್ತಾರೆ. ಸೋತೊದಲ್ಲಿ ತಲೆಯನ್ನು ಎಡಕ್ಕೆ ವಾಲಿಸಬೇಕು, ಪೆಟ್ಟು ಬಲಭುಜಕ್ಕೆ. ರಿಂಜಾಯ್‌ನಲ್ಲಿ ಮುಂದಕ್ಕೆ ಬಾಗಿದರೆ ಬೆನ್ನಿನ ಎರಡೂ ಬದಿಗೆ. ಕೆಲವು ಕಡೆ ಬೇಸಿಗೆಯಲ್ಲಿ ಎರಡೆರಡು, ಚಳಿಗಾಲದಲ್ಲಿ ಬಟ್ಟೆ ದಪ್ಪವೆಂದು ನಾಲ್ಕು ನಾಲ್ಕು.

ದೋಗೆನ್‌ಗೆ ಧ್ಯಾನ ಕೂರುವುದಕ್ಕಷ್ಟೇ ಸೀಮಿತವಾಗಿರಲಿಲ್ಲ. ಮುಖ ತೊಳೆಯಲು ಒಂದು ಅಧ್ಯಾಯ, ಶೌಚಕ್ಕೆ ಇನ್ನೊಂದು ಅಧ್ಯಾಯ ಬರೆದ. ಶೌಚದ ಬಳಿಕ ಕೈಯನ್ನು ಬೂದಿಯಲ್ಲಿ ಮೂರು ಸಲ, ಮಣ್ಣಿನಲ್ಲಿ ಮೂರು ಸಲ, ಶೀಗೆಯಂಥ ನೊರೆಕಾಯಿಯಲ್ಲಿ ಒಂದು ಸಲ, ಒಟ್ಟು ಏಳು ಸಲ ತೊಳೆಯಬೇಕು. ಅವನು ಸ್ಥಾಪಿಸಿದ ಎಯ್‌ಹೆಯ್‌ಜಿ ಮಠದಲ್ಲಿ ಇಂದಿಗೂ ಮಾತಾಡಬಾರದ ಜಾಗಗಳು ಮೂರು: ಧ್ಯಾನದ ಹಜಾರ, ಬಚ್ಚಲು, ಪಾಯಿಖಾನೆ. ಧ್ಯಾನವನ್ನು "ಮನಸ್ಸಿನ ವ್ಯಾಯಾಮ" ಎಂದು ಮಾರುವ ಇಂದಿನ ಆ್ಯಪ್‌ಗಳು ಬಿಟ್ಟುಬಿಟ್ಟಿರುವುದು ಇದನ್ನೇ.

ಬದುಕಿರುವಾಗಲೇ ತಮ್ಮನ್ನು ಮಮ್ಮಿ ಮಾಡಿಕೊಂಡ ಜಪಾನಿ ಸನ್ಯಾಸಿಗಳ ವಿಡಿಯೊ ನೋಡಿದೆ. ಇದು ನಿಜವೇ? ಜೈನರ ಸಲ್ಲೇಖನದಂತೆಯೇ?
(ಮೂಡುಬಿದಿರೆಯ ವಿದ್ಯಾರ್ಥಿನಿ)

ದೇಹಗಳು ನಿಜ. ಜಪಾನಿನಲ್ಲಿ ಅಂಥವು ಹದಿನೇಳು ಹದಿನೆಂಟು ಉಳಿದಿವೆ, ಸುಮಾರು ಅರ್ಧದಷ್ಟು ಯಮಗತಾ ಸೀಮೆಯಲ್ಲಿ, ಯುದೊನೊ ಬೆಟ್ಟದ ಸುತ್ತ. ದೈನಿಚಿಬೋ ಮಂದಿರದ ಶಿನ್‌ನ್ಯೋಕಾಯ್ 1783ರಲ್ಲಿ, ಚೂರೆಂಜಿಯ ತೆತ್ಸುಮೊಂಕಾಯ್ 1829ರಲ್ಲಿ ಹೋದವರು. ಇವರನ್ನು ಸೊಕುಶಿನ್‌ಬುತ್ಸು ಎನ್ನುತ್ತಾರೆ.

ವಿಧಾನ ಹೀಗಿತ್ತೆಂದು ಮಂದಿರಗಳ ಪರಂಪರೆ ಹೇಳುತ್ತದೆ. ಸಾವಿರ ದಿನಗಳ ಲೆಕ್ಕದಲ್ಲಿ ವ್ರತ ಹಿಡಿದು ಬೆಟ್ಟದಲ್ಲಿರುವುದು, ತಣ್ಣೀರು ಸ್ನಾನ, ಮೊದಲು ಐದು ಧಾನ್ಯ, ಆಮೇಲೆ ಹತ್ತೂ ಧಾನ್ಯ ಬಿಟ್ಟು ಕಾಡಿನ ಕಾಯಿ, ತೊಗಟೆ, ಬೇರು ಮಾತ್ರ ತಿನ್ನುವುದು. ಕೊಬ್ಬು, ನೀರು ಎರಡೂ ಇಳಿದ ಮೈ ಕೊಳೆಯುವುದು ತಡ. ಕೊನೆಗೆ ನೆಲದೊಳಗಿನ ಕಲ್ಲಿನ ಕೋಣೆ, ಮೂರು ವರ್ಷ ಮೂರು ತಿಂಗಳ ನಂತರ ತೆಗೆಯುವುದು. ಜಪಾನಿನ ಬೇಸಿಗೆ ನಮ್ಮ ಕರಾವಳಿಯಂತೆ ತೇವದ್ದು, ಹಾಗಾಗಿ ಎಲ್ಲರ ದೇಹವೂ ಉಳಿಯಲಿಲ್ಲ. ವಿಡಿಯೊಗಳಲ್ಲಿ ದೊಡ್ಡದು ಮಾಡುವ ಉರುಶಿ ಮರದ ಅಂಟಿನ ಚಹಾ, ಗೋರಿಯೊಳಗಿಂದ ಗಂಟೆ ಅಲುಗಿಸುವ ದಾರಗಳನ್ನು ಐತಿಹ್ಯದ ಲೆಕ್ಕಕ್ಕೇ ಬಿಡುವುದು ವಾಸಿ. ಮೈಜಿ ಕಾಲದ (1868–1912) ಕಾನೂನು ಗೋರಿ ತೆರೆಯುವುದನ್ನು ನಿಷೇಧಿಸಿತು. ನೀಗತಾದ ಮುರಕಾಮಿಯಲ್ಲಿ 1903ರಲ್ಲಿ ತೀರಿಕೊಂಡ ಬುಕ್ಕಾಯ್ ಕೊನೆಯವನು. ಅವನ ದೇಹವನ್ನು ಹೊರತೆಗೆದದ್ದು 1961ರಲ್ಲಿ.

ಸಲ್ಲೇಖನದೊಂದಿಗೆ ಸಾಮ್ಯ ಇರುವುದು ಉಪವಾಸದಲ್ಲಷ್ಟೇ, ಗುರಿ ತಿರುವುಮುರುವು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ವ್ರತ ಮುಗಿಸಿದವರಿಗೆ ಮೈ ಕಳಚಬೇಕಾದ ವಸ್ತು. ಉಳಿದದ್ದು ನಿಸಿಧಿಗಲ್ಲು, ಶಾಸನ. ಯುದೊನೊದವರಿಗೆ ಮೈಯೇ ಉಳಿಯಬೇಕಾದದ್ದು, ಮುಂದಿನ ಜನರ ಕಷ್ಟಕ್ಕೆ ಆಗಬೇಕಾದದ್ದು. ಅದಕ್ಕೇ ಆ ದೇಹಗಳಿಗೆ ಕಾಷಾಯ ಉಡಿಸಿ ಕೂರಿಸಿದ್ದಾರೆ. ದೈನಿಚಿಬೋದಲ್ಲಿ ಹಳೆಯ ವಸ್ತ್ರದ ಚೂರುಗಳನ್ನು ತಾಯತದಲ್ಲಿಟ್ಟು ಭಕ್ತರಿಗೆ ಕೊಡುತ್ತಾರೆ.

ಇದರ ಹಿಂದಿನ ತತ್ತ್ವ ಶಿಂಗೋನ್ ಎಂಬ ಬೌದ್ಧ ಪಂಥದ ಗುರು ಕೂಕಾಯ್ (774–835) ಹೇಳಿದ್ದು: ಈ ಮೈಯಲ್ಲೇ ಬುದ್ಧನಾಗಬಹುದು. ಅವನ ದಾರಿಯಲ್ಲಿ ಕೈಗೆ ಮುದ್ರೆ, ಬಾಯಿಗೆ ಮಂತ್ರ, ಮನಸ್ಸಿಗೆ ದೇವತೆಯ ರೂಪ. ಮೈ ಒಣಗಿಸುವ ಮಾತು ಅದರಲ್ಲಿ ಇಲ್ಲ. ಕೋಯಾ ಬೆಟ್ಟದ ಓಕುನೊಯಿನ್‌ನಲ್ಲಿ ಕೂಕಾಯ್ ಇಂದಿಗೂ ಸಮಾಧಿಯಲ್ಲಿದ್ದಾನೆಂದು ನಂಬಿ ಬೆಳಗ್ಗೆ 6ಕ್ಕೂ 10:30ಕ್ಕೂ ಊಟ ಒಯ್ಯುತ್ತಾರೆ. ಮಂತ್ರಾಲಯದ ಬೃಂದಾವನಕ್ಕೆ ನಡೆದುಕೊಳ್ಳುವವರಿಗೆ ಇದು ವಿಚಿತ್ರ ಅನ್ನಿಸಲಾರದು.

ಕ್ಯೋಟೊ ಬಳಿಯ ಹಿಯೇ ಬೆಟ್ಟದ "ಸಾವಿರ ದಿನದ ನಡಿಗೆ"ಯಲ್ಲಿ ಸನ್ಯಾಸಿ ನಿಜವಾಗಿ ಎಷ್ಟು ನಡೆಯುತ್ತಾನೆ?
(ಶಿರಸಿಯ ಓದುಗರು)

ಏಳು ವರ್ಷಕ್ಕೆ ಹಂಚಿದ ಲೆಕ್ಕ ಅದು. ಮೊದಲ ಮೂರು ವರ್ಷ ವರ್ಷಕ್ಕೆ 100 ದಿನ, ನಾಲ್ಕು ಐದನೇ ವರ್ಷ 200 ದಿನ, ದಿನಕ್ಕೆ ಸುಮಾರು 30 ಕಿಲೋಮೀಟರ್. ದಾರಿಯುದ್ದಕ್ಕೂ ಇನ್ನೂರಕ್ಕೂ ಹೆಚ್ಚು ಕಡೆ ನಿಂತು ಪ್ರಾರ್ಥನೆ. 700 ದಿನ ತುಂಬಿದ ಮೇಲೆ ದೋಯಿರಿ: ಅನ್ನ, ನೀರು, ನಿದ್ದೆ, ಮಲಗುವುದು ನಾಲ್ಕನ್ನೂ ಬಿಟ್ಟು ಫುದೋ ದೇವರ ಮುಂದೆ ಮಂತ್ರಪಠಣ. ಒಂಬತ್ತು ದಿನ ಎನ್ನುತ್ತಾರಾದರೂ ಮೊದಲ ಮತ್ತು ಕೊನೆಯ ದಿನ ಪೂರ್ತಿಯಲ್ಲ, ಗಂಟೆಗಳ ಲೆಕ್ಕದಲ್ಲಿ ಸುಮಾರು 182. ರಾತ್ರಿ ಎರಡು ಗಂಟೆಗೆ ಬಾವಿಯಿಂದ ದೇವರಿಗೆ ನೀರು ತರಬೇಕು. ಮೊದಲ ದಿನ ನಿಮಿಷಗಳಲ್ಲಿ ಮುಗಿಯುವ ಆ ಓಡಾಟ ಕೊನೆಕೊನೆಗೆ ಇಬ್ಬರ ಆಸರೆಯಿಲ್ಲದೆ ಆಗುವುದಿಲ್ಲ. ಆರನೇ ವರ್ಷ 100 ದಿನ ತಲಾ 60 ಕಿಲೋಮೀಟರ್. ಏಳನೇ ವರ್ಷ ಕ್ಯೋಟೊ ನಗರವನ್ನೂ ಸೇರಿಸಿ 100 ದಿನ ತಲಾ 84, ಉಳಿದ 100 ದಿನ ಮತ್ತೆ 30. ಕಾಲಲ್ಲಿ ಹುಲ್ಲಿನ ಚಪ್ಪಲಿ, ಮಳೆ ಬಂದರೆ ದಿನಕ್ಕೆ ಹಲವು ಜೊತೆ ಸವೆಯುತ್ತವೆ. ವ್ರತ ಮುರಿಯುವ ಹೊತ್ತು ಬಂದರೆ ಪ್ರಾಣ ಬಿಡಲೆಂದು ಸೊಂಟದಲ್ಲಿ ಹಗ್ಗ, ಕಿರುಗತ್ತಿ ಇರುತ್ತವೆ. ಈಗ ಅವು ಸಂಕೇತ. ಸಕಾಯ್ ಯೂಸಾಯ್ ಎಂಬ ಸನ್ಯಾಸಿ ಇದನ್ನು ಎರಡು ಸಲ, 1980 ಮತ್ತು 1987ರಲ್ಲಿ ಮುಗಿಸಿದರು.

ಯೊಕೊಹಾಮಾದಲ್ಲಿ ಕೆಲಸ ಮಾಡುತ್ತೇನೆ. ಸಹೋದ್ಯೋಗಿಯ ತಂದೆ ತೀರಿಕೊಂಡಿದ್ದಾರೆ, ಬೌದ್ಧ ಕ್ರಮದ ಅಂತ್ಯಕ್ರಿಯೆ. ಹೇಗೆ ನಡೆದುಕೊಳ್ಳಬೇಕು? ಮೂಳೆಯನ್ನು ಕಡ್ಡಿಯಲ್ಲಿ ಹೆಕ್ಕಬೇಕಾಗುತ್ತದೆಯೇ?
(ಮೂಲತಃ ಹಾಸನದವರು)

ಮೂಳೆ ಹೆಕ್ಕುವುದು ಮನೆಯವರ ಕೆಲಸ, ನಿಮ್ಮನ್ನು ಕರೆಯುವ ಸಾಧ್ಯತೆ ಕಡಿಮೆ. ನೀವು ಮಾಡಬೇಕಾದ್ದು ಎರಡು: ಹಣದ ಲಕೋಟೆ, ಗಂಧಪುಡಿ.

ಲಕೋಟೆಗೆ ಸಹೋದ್ಯೋಗಿಯ ಮನೆಯ ಸಾವಾದರೆ ಸಾಮಾನ್ಯವಾಗಿ 5,000 ಯೆನ್. ಮೊತ್ತದಲ್ಲಿ ನಾಲ್ಕು, ಒಂಬತ್ತು ಬರಬಾರದು. ಗರಿಗರಿ ಹೊಸ ನೋಟು ಹಾಕಿದರೆ ಸಾವಿಗೆ ಮೊದಲೇ ಸಿದ್ಧವಾಗಿದ್ದಂತೆ ಕಾಣುತ್ತದೆ, ಹೊಸದೇ ಇದ್ದರೆ ಒಂದು ಮಡಿಕೆ ಹಾಕಿ. ಸಾವಿನ ಲಕೋಟೆಗಳು ಅಂಗಡಿಯಲ್ಲಿ ಬೇರೆಯೇ ಸಿಗುತ್ತವೆ, ಮದುವೆಯ ಬಣ್ಣದ್ದನ್ನು ತರಬೇಡಿ. ಬಟ್ಟೆ ಪೂರ್ತಿ ಕಪ್ಪು. ನಮ್ಮಲ್ಲಿ ಸಾವಿನ ಮನೆಗೆ ಬಿಳಿ ಉಟ್ಟು ಹೋಗುವವರಿಗೆ ಇದು ನೆನಪಿರಲಿ. ಅಲ್ಲಿ ಬಿಳಿ ಉಡುವುದು ತೀರಿಕೊಂಡವರು.

ಸರದಿ ಬಂದಾಗ ಮನೆಯವರಿಗೆ ಬಾಗಿ, ಚಿತ್ರಪಟಕ್ಕೆ ಬಾಗಿ, ಗಂಧಪುಡಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಚಿಟಿಕೆ ತೆಗೆದು ಹಣೆಯ ಮಟ್ಟಕ್ಕೆ ಎತ್ತಿ ಕೆಂಡಕ್ಕೆ ಉದುರಿಸಿ. ಎಷ್ಟು ಸಲ ಎಂಬುದು ಪಂಥಕ್ಕೆ ತಕ್ಕಂತೆ: ಶಿಂಗೋನ್‌ನಲ್ಲಿ ಮೂರು, ಸೋತೊದಲ್ಲಿ ಎರಡು. ಜೋದೋ ಶಿನ್ ಪಂಥದವರು ಹಣೆಗೆ ಎತ್ತುವುದೇ ಇಲ್ಲ. ಗೊತ್ತಾಗದಿದ್ದರೆ ಮುಂದಿನವರನ್ನು ನೋಡಿ, ಇಲ್ಲವೇ ಒಂದೇ ಸಲ ಹಾಕಿ.

ಹೊರಡುವಾಗ ಉಪ್ಪಿನ ಪೊಟ್ಟಣ ಕೊಟ್ಟರೆ ಮನೆಯ ಹೊಸಿಲು ದಾಟುವ ಮೊದಲು ಎದೆ, ಬೆನ್ನು, ಪಾದ ಈ ಕ್ರಮದಲ್ಲಿ ಚಿಮುಕಿಸಿಕೊಳ್ಳಿ. ಅಡುಗೆಗೆ ಬಳಸಬೇಡಿ. ಜೋದೋ ಶಿನ್‌ನವರು ಸಾವು ಮೈಲಿಗೆಯಲ್ಲ ಎನ್ನುವುದರಿಂದ ಉಪ್ಪು ಕೊಡುವುದಿಲ್ಲ.

ಒಂದು ವೇಳೆ ಆಪ್ತರೆಂದು ಮೂಳೆಗೆ ಕರೆದರೆ ಇಷ್ಟು ತಿಳಿದಿರಲಿ. ಇಬ್ಬರು ತಮ್ಮ ತಮ್ಮ ಕಡ್ಡಿಗಳಲ್ಲಿ ಒಂದೇ ಮೂಳೆಯನ್ನು ಹಿಡಿದು ಕುಂಡಕ್ಕೆ ಹಾಕುತ್ತಾರೆ. ಪಾದದಿಂದ ಶುರುಮಾಡಿ ಮೇಲಕ್ಕೆ, ತಲೆಬುರುಡೆ ಕೊನೆಗೆ. ಇಲ್ಲದಿದ್ದರೆ ಕುಂಡದೊಳಗೆ ತಲೆಕೆಳಗಾಗುತ್ತಾರೆ. "ಗಂಟಲ ಬುದ್ಧ" ಎಂಬ ಮೂಳೆಯನ್ನು ಹತ್ತಿರದ ಬಂಧುಗಳಿಗೆ ಬಿಡುತ್ತಾರೆ. ಅದು ಗಂಟಲ ಮಣಿಯಲ್ಲ, ಗಂಟಲ ಮಣಿ ಮೃದ್ವಸ್ಥಿ, ಸುಟ್ಟುಹೋಗುತ್ತದೆ. ಅದು ಕುತ್ತಿಗೆಯ ಎರಡನೇ ಕಶೇರು. ಮೇಲಕ್ಕೆ ಚಾಚಿದ ಅದರ ಹಲ್ಲಿನಂಥ ಭಾಗ ಕೈಮುಗಿದು ಕುಳಿತ ಆಕೃತಿಯಂತೆ ಕಾಣುತ್ತದೆ. ಟೋಕಿಯೊ, ಯೊಕೊಹಾಮಾ ಕಡೆ ಎಲ್ಲ ಮೂಳೆಯನ್ನೂ ತುಂಬುವುದರಿಂದ ಕುಂಡದ ಅಡ್ಡಳತೆ ಸುಮಾರು 21 ಸೆಂಟಿಮೀಟರ್. ಒಸಾಕಾ ಕಡೆ ಸ್ವಲ್ಪವೇ ತೆಗೆದುಕೊಳ್ಳುತ್ತಾರೆ, ಕುಂಡವೂ ಚಿಕ್ಕದು. ಊಟದ ಹೊತ್ತಿನಲ್ಲಿ ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬಾರದೆಂಬ ನಿಷೇಧ ಇಲ್ಲಿಂದಲೇ ಬಂದದ್ದು. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ನಮ್ಮ ಮನೆಗಳ ಮಾತೂ ಅಲ್ಲಿದೆ: ಬುದ್ಧ ಹಾಗೆ ಮಲಗಿ ತೀರಿಕೊಂಡನೆಂದು ಹೆಣವನ್ನು ಉತ್ತರತಲೆಯಾಗಿ ಮಲಗಿಸುತ್ತಾರೆ.

ಮಂದಿರದ ಹೊರಗೆ ಕೆಂಪು ಮರದ ಮುದುಕನ ವಿಗ್ರಹವನ್ನು ಜನ ಸವರುತ್ತಿದ್ದ ಫೋಟೊ ನೋಡಿದೆ. ಯಾರದು?
(ಬೀದರಿನ ಓದುಗರು)

ಬಿಂಝುರು. ಮೂಲತಃ ಭಾರತದ ಪಿಂಡೋಲ ಭಾರದ್ವಾಜ, ಬುದ್ಧನ ಶಿಷ್ಯ. ಮಂಡಿ ನೋವಿದ್ದರೆ ಅವನ ಮಂಡಿ ಸವರಿ, ಅದೇ ಕೈಯಿಂದ ನಿಮ್ಮ ಮಂಡಿ ಸವರಿಕೊಳ್ಳಬೇಕು. ನಾರಾದ ತೋದಾಯ್‌ಜಿಯಲ್ಲೂ ನಗಾನೊದ ಝೆಂಕೋಜಿಯಲ್ಲೂ ಇದ್ದಾನೆ. ಝೆಂಕೋಜಿಯವನ ಮುಖ ಸವೆದು ಕಣ್ಣುಮೂಗು ಅಳಿಸಿದೆ. ಟೋಕಿಯೊದ ಸುಗಾಮೊದಲ್ಲಿ ಕರುಣೆಯ ಬೋಧಿಸತ್ವ ಕನ್ನೊನ್ ವಿಗ್ರಹಕ್ಕೆ ನೀರು ಹಾಕಿ ನೋವಿರುವ ಭಾಗವನ್ನು ಒರೆಸುತ್ತಾರೆ. ಅಲ್ಲಿ ಹಿಂದೆ ಬಳಸುತ್ತಿದ್ದ ನಾರಿನ ಬ್ರಷ್‌ಗೆ ಹಳೆಯ ಕಲ್ಲು ಸವೆದುಹೋದ್ದರಿಂದ 1992ರಲ್ಲಿ ಹೊಸ ವಿಗ್ರಹ ಇಟ್ಟು ಬ್ರಷ್ ನಿಲ್ಲಿಸಿದರು. ಬಿಳಿ ಬಟ್ಟೆಯ ತುಂಡು ಅಲ್ಲಿಯೇ ಕೊಳ್ಳಲು ಸಿಗುತ್ತದೆ.